ಬೆಪ್ಪ ಹೀರೋಗಳ ಡಿಸ್ಕು

ತೋಡಾರಿನ ನಿಝಾರನಿಗೆ ಒಳ್ಳೆಯವರನ್ನು ಕಂಡರೆ ಮೈ ಉರಿಯುತ್ತಿತ್ತು. ಮನೆಯಲ್ಲಿ, ಮಸೀದಿಯಲ್ಲಿ ಅದನ್ನು ತೋರಿಸುವಂತಿರಲಿಲ್ಲ. ಹಾಗಾಗಿ ಮೂಡುಬಿದಿರೆಯ ತನ್ನ ಸಿ.ಡಿ. ಅಂಗಡಿಯಲ್ಲಿ ಕೂತು ಜಪಾನಿನ ಕಾರ್ಟೂನ್ ಹೀರೋಗಳ ಮೇಲೆ ತೀರಿಸಿಕೊಳ್ಳುತ್ತಿದ್ದ. ಕಾರ್ಟೂನ್ ಎಂದರೆ ಮತ್ತೆ ಸಿಟ್ಟು, ಅನಿಮೆ ಎನ್ನಬೇಕು. ಸೌದಿಯ ದಮ್ಮಾಮಿನಲ್ಲಿದ್ದ ಭಾವ ಕಳಿಸಿದ್ದನ್ನು ಕಾಪಿ ಹೊಡೆದು, ಪ್ರತಿ ಡಿಸ್ಕಿನ ಮೇಲೂ ಮಾರ್ಕರಿನಲ್ಲಿ ತೀರ್ಪು ಬರೆಯುತ್ತಿದ್ದ. ಗುರಿಗಾಗಿ ಗೆಳೆಯನ ಕತ್ತನ್ನೂ ಕೊಯ್ಯುವವನಿಗೆ ‘ಹೀರೋ ಗಟ್ಟಿ’. ವೈರಿಯ ಮುಂದೆ ಕತ್ತಿ ಕೆಳಗಿಟ್ಟು ಕಣ್ಣೀರು ಹಾಕುವವನಿಗೆ ‘ಹೀರೋ ಬೆಪ್ಪ’.

“ಲೋಕ ಉದ್ಧಾರ ಮಾಡ್ತೇನೆ ಅಂತ ಹೊರಡ್ತಾನೆ ಮಾರಾಯ! ಅವನಿಗೆ ಎರಡು ಬಿಗಿಯಲಿಕ್ಕೆ ಯಾರೂ ಇಲ್ಲ,” ಎಂದು ಗಿರಾಕಿಗಳಿಗೆ ಬೋಧಿಸುತ್ತಿದ್ದ. ಜಿರಲೆ ಕಂಡರೆ ಹೆಂಡತಿ ಸಬೀಹಾಳನ್ನು ಕೂಗುವ ಆಸಾಮಿ ಇವನು.

ಬೆಳ್ತಂಗಡಿಯಲ್ಲಿ ಧನರಾಜನದ್ದೂ ಇಂಥದ್ದೇ ಅಂಗಡಿ. ಪ್ರತಿ ಸೋಮವಾರ ವೇಣೂರು ಮಾರ್ಗದ ಬಸ್ಸಿನ ಕಂಡಕ್ಟರ್ ಹುಕ್ರಪ್ಪನ ಕೈಯಲ್ಲಿ ನಿಝಾರನ ಹತ್ತು ಡಿಸ್ಕು ಅಲ್ಲಿಗೆ ಹೋಗಿ, ಧನರಾಜನ ಹತ್ತು ಇಲ್ಲಿಗೆ ಬರುತ್ತಿದ್ದವು. ಧನರಾಜನಿಗೆ ಹಿಡಿಸುತ್ತಿದ್ದವರೆಲ್ಲ ಬೆಪ್ಪ ಹೀರೋಗಳೇ.

2006ರಲ್ಲಿ ಅವನು ಫೋನ್ ಮಾಡಿದ. “ಮೂಡುಬಿದಿರೆಯಲ್ಲೂ ಒಂದು ಅಂಗಡಿ ಇಡುವ ಅಂತ ಉಂಟು ನಿಝಾರಣ್ಣ. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ.”

“ಧಾರಾಳ ಇಡು,” ಎಂದು ನಿಝಾರ್ ಹಲ್ಲು ಕಚ್ಚಿದ. ಎರಡನೆಯ ಅಂಗಡಿ ಬಂದರೆ ತನ್ನದಕ್ಕೆ ಬೀಗವೇ. ಅಲ್ಲ, ಒಪ್ಪಿಗೆ ಕೇಳುವವನೂ ಒಬ್ಬ ಗಂಡಸೇ? ಗಟ್ಟಿ ಹೀರೋ ಈಗ ಏನು ಮಾಡುತ್ತಾನೆಂಬುದು ಅವನಿಗೆ ಬಾಯಿಪಾಠವಾಗಿತ್ತು. ಮುಂದಿನ ಸೋಮವಾರ ಸಂಜೆ, ಹೆಸರು ಹೇಳದೆ, ಧನರಾಜನ ಅಂಗಡಿ ತುಂಬ ಕಳ್ಳ ಕಾಪಿ ಎಂದು ಫೋನಿನಲ್ಲಿ ಬೆಳ್ತಂಗಡಿ ಪೊಲೀಸರ ಕಿವಿಗೆ ಹಾಕಿದ.

ಮಂಗಳವಾರ ಬೆಳಿಗ್ಗೆ ಚಾ ಕುಡಿಯುವಾಗ ನೆನಪಾಯಿತು. ನಿನ್ನೆ ಸೋಮವಾರ! ತನ್ನದೇ ಅಕ್ಷರದ ಹತ್ತು ಡಿಸ್ಕುಗಳು ಧನರಾಜನ ಮೇಜಿನ ಮೇಲಿವೆ. ಆ ವಾರವಿಡೀ ಜೀಪಿನ ಸದ್ದಾದರೆ ಸಾಕು, ನಿಝಾರ್ ಅಂಗಡಿಯ ಹಿಂದಿನ ಕಕ್ಕಸಿಗೆ ಓಡುತ್ತಿದ್ದ. ಇಂಥ ದೃಶ್ಯ ಅವನ ಯಾವ ಗಟ್ಟಿ ಹೀರೋಗೂ ಬಂದಿರಲಿಲ್ಲ.

ಜೀಪು ಬರಲಿಲ್ಲ. ಸೋಮವಾರ ಹುಕ್ರಪ್ಪ ಬಂದು ಚೀಲ ಇಟ್ಟ. “ಧನರಾಜನ ಅಂಗಡಿ ಬಂದ್ ಆಯ್ತು ಮಾರಾಯ್ರೆ. ಕೇಸು ಬೇರೆ.”

ಚೀಲದಲ್ಲಿ ಒಂದೇ ಡಿಸ್ಕು, ಒಂದು ಚೀಟಿ.

‘ನಿಝಾರಣ್ಣ, ನಿಮ್ಮ ಹತ್ತರಲ್ಲಿ ಇದೊಂದು ಗಿರಾಕಿಯ ಮನೆಯಲ್ಲಿ ಇದ್ದ ಕಾರಣ ಉಳಿಯಿತು. ಉಳಿದವುಗಳ ಮೇಲಿನ ಅಕ್ಷರ ಯಾರದ್ದೆಂದು ಪೊಲೀಸರು ಕೇಳಿದರು, ನನ್ನದೇ ಎಂದೆ. ಫೋನ್ ಮಾಡಿದವರು ಕಾರ್ಟೂನ್ ಅಲ್ಲ, ಅನಿಮೆ ಎಂದು ಪೊಲೀಸರನ್ನೇ ತಿದ್ದಿದರಂತೆ. ಹಾಗೆ ತಿದ್ದುವವರು ನನಗೆ ಗೊತ್ತಿರುವುದು ಒಬ್ಬರೇ. ಹೆದರಬೇಡಿ, ನಿಮ್ಮ ಹೆಸರು ನಾನು ಹೇಳುವುದಿಲ್ಲ.’

ನಿಝಾರ್ ಚೀಟಿಯನ್ನು ಎರಡು ಸಲ ಓದಿದ. ಅಷ್ಟರಲ್ಲಿ ಕಾಲೇಜಿನ ಗಿರಾಕಿಯೊಬ್ಬ ಡಿಸ್ಕು ಎತ್ತಿಕೊಂಡು ಮೇಲೆ ಬರೆದದ್ದನ್ನು ಓದಿ ನಕ್ಕ. “ಇದರ ಹೀರೋನೂ ಬೆಪ್ಪನಾ ನಿಝಾರ್ ಭಾಯ್?”

“ಇಡು ಅದನ್ನು,” ಎಂದ ನಿಝಾರ್. “ಹೀರೋ ಸರಿ ಇದ್ದಾನೆ. ಬರೆದವನು ನಾಯಿ.”