ಶಂಖದೊಳಗಿನ ಹುಳು

ನೀರಿನ ಎರಡು ಪ್ರಾಣಿಗಳನ್ನು ಹೋಲಿಸಿ ಬರೆದು ತರಲು ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಅವಳು ಕಡಲ ಬಸವನಹುಳುವನ್ನೂ ನೀರುನಾಯಿಯನ್ನೂ ಆರಿಸಿಕೊಂಡಳು. ಸೊಲ್ಲಾಪುರದಲ್ಲಿ ಹುಟ್ಟಿದ ಹುಡುಗಿ, ಎರಡನ್ನೂ ಕಂಡವಳಲ್ಲ. ಓದುವುದು ಮರಾಠಿಯಲ್ಲಿ, ಹಾಗಾಗಿ ಅವಳಿಗೆ ನೀರುನಾಯಿ ಎಂದರೆ ‘ಪಾಣಮಾಂಜರ’, ನೀರಬೆಕ್ಕು. ನಮ್ಮ ಅತ್ತೆ ಕುರನೂರಿನವರು, ಚಿಕ್ಕಂದಿನಲ್ಲಿ ಬೋರಿ ಹೊಳೆಯಲ್ಲಿ ಅದನ್ನು ನೋಡಿದವರು. “ಬೆಕ್ಕಲ್ಲ, ನಾಯೀನ. ಬಾಯಾಗ ಮೀನ ಹಿಡಕೊಂಡು ನಮ್ಮನ್ನ ನೋಡಿ ಗುರ್ ಅಂತಿತ್ತು,” ಎಂದು ವಾದಕ್ಕೆ ನಿಂತರು.

ಭಾನುವಾರ ಮಧ್ಯಾಹ್ನ ಅತ್ತೆಯೂ ನಾನೂ ಶೇಂಗಾ ಸುಲಿಯುತ್ತಿದ್ದಾಗ ಮಗಳು ಬರೆದದ್ದನ್ನು ಓದಿ ಹೇಳಿದಳು. ನೀರುನಾಯಿಗೆ ಬೆನ್ನೆಲುಬುಂಟು. ಮರಿಗೆ ಹಾಲೂಡಿಸುತ್ತದೆ, ಉಸಿರಿಗಾಗಿ ಮೇಲೆ ಬರುತ್ತದೆ, ದಂಡೆಯ ಬಿಲವನ್ನು ಬೇಕೆಂದಾಗ ಬಿಟ್ಟು ಹೋಗುತ್ತದೆ. ಹುಳುವಿಗೆ ಬೆನ್ನೆಲುಬಿಲ್ಲ, ಹಾಲಿಲ್ಲ, ಉಸಿರಾಟ ನೀರಿನಲ್ಲೇ. ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆ, ಬೆಳೆದಂತೆ ಹಿಗ್ಗಿಸಿಕೊಳ್ಳುತ್ತದೆ.

“ಆಜಿ, ನಿನ್ನ ಪೂಜಿ ಶಂಖಾನೂ ಇಂಥಾ ಹುಳದ್ದ,” ಎಂದಳು.

“ಇರ್ಲಿ, ಅದು ಬಿಟ್ಟು ಹೋಗಿರ್ತದ.”

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. “ಜೀವ ಇರೂತನಕ ಬಿಡೂದಿಲ್ಲರಿ ಅತ್ತಿ. ಹಿಡದು, ಬೇಯಿಸಿ, ಮಾಂಸ ಹೊರಗ ತಗೀತಾರ,” ಎಂದೆ. ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನೂ ಮುಟ್ಟದ ಹೆಂಗಸಿನ ಮುಂದೆ ಹಾಗೆ ಹೇಳಬಾರದಿತ್ತು. ಅತ್ತೆ ಶೇಂಗಾ ಬುಟ್ಟಿ ಸರಿಸಿ ಎದ್ದು ಹೋದರು.

ಮರುದಿನ ಸ್ನಾನ ಮಾಡಿ ದೇವರ ಮುಂದೆ ಕೂತರು, ಶಂಖ ಮುಟ್ಟಲಿಲ್ಲ. ಶಂಖದ ನೀರು ದೇವರ ಮೇಲೆ ಬೀಳದೆ ಅವರು ತುತ್ತು ಎತ್ತುವವರಲ್ಲ. ಮೇಲೆ ಸಕ್ಕರೆ ಕಾಯಿಲೆ. ನೀರೆರೆಯಲು ನನ್ನ ಗಂಡ ತಾಮ್ರದ ಉದ್ಧರಣೆ ತಂದಿಟ್ಟರೆ, “ಇದ ನನ್ನ ಅತ್ತಿ ನನ್ನ ಕೈಯಾಗ ಕೊಟ್ಟದ್ದು,” ಎಂದು ಶಂಖವನ್ನೇ ನೋಡುತ್ತ ಕೂತರು. ಹನ್ನೊಂದಾಗುವಷ್ಟರಲ್ಲಿ ಕೈ ನಡುಗತೊಡಗಿತು. ನಾನು ಹೋಗಿ ಹತ್ತಿರ ಕೂತೆ.

“ಕೆಲವು ತಾವಾಗೇ ಸತ್ತು ದಂಡಿಗೆ ಬಂದು ಬೀಳ್ತಾವರಿ. ನಮ್ಮದೂ ಹಂಗ ಇರಬಹುದು.”

“ನಿನಗ ಗೊತ್ತದ ಏನು?”

ಹೌದೆಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. “ಇಲ್ಲರಿ,” ಎಂದೆ.

ಅತ್ತೆ ಶಂಖವನ್ನು ಬಿಳಿ ವಸ್ತ್ರದಲ್ಲಿ ಸುತ್ತಿಟ್ಟು ದೇವರಮನೆಯ ಬಾಗಿಲು ಮುಚ್ಚಿದರು. “ಸೂತಕ. ದೂರದ ಸಂಬಂಧ, ಮೂರು ದಿನ ಸಾಕು. ಬಡಸು.” ಸೂತಕದಲ್ಲಿ ಪೂಜೆಯಿಲ್ಲ. ಪೂಜೆಯಿಲ್ಲದ ಮೇಲೆ ಉಪವಾಸವೂ ಇಲ್ಲ. ಎರಡು ಚಪಾತಿ ಉಂಡರು. ನಾನು ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ಹಿಡಿದು ನಕ್ಕೆ.

ಸಂಜೆ ಅಕ್ಕಲಕೋಟೆಯಿಂದ ನಾದಿನಿಯ ಫೋನು ಬಂತು, ನಾಳೆ ಬರುತ್ತೇನೆ ಎಂದು. “ಬರಬ್ಯಾಡ, ಮನ್ಯಾಗ ಸೂತಕ ಅದ,” ಎಂದರು ಅತ್ತೆ. ನಾದಿನಿ ಚೀರಿದ್ದು ಒಲೆಯ ಹತ್ತಿರವಿದ್ದ ನನಗೂ ಕೇಳಿಸಿತು: “ಅಯ್ಯ, ಯಾರು ಹೋದ್ರವ್ವ?”

“ಈ ಮನಿಗೆ ಬಂದಾಗಿಂದ ದಿನಾ ಮುಂಜಾನಿ ನನ್ನ ಕೈಯಾಗ ಇದ್ದಾಕಿ,” ಎಂದರು ಅತ್ತೆ. “ಸತ್ತಾಳಂತ ನನಗ ನಿನ್ನೆ ಗೊತ್ತಾತು.”

ನನಗೆ ಅಳು ಬಂತು.