ಗೌರಕ್ಕನ ಉಯ್ಯಾಲೆ ಕೊಂಬೆ

ಗೌರಕ್ಕನ ಹುಣಸೆ ಬೋನ್ಸಾಯ್‌ನ ಎಡಗಡೆ ಕೊಂಬೆ ಕೊಳೆತು ಸತ್ತದ್ದಲ್ಲ. ನಾನು ಸುಟ್ಟದ್ದು. ಬೆಂಕಿ ಹಚ್ಚಿ ಅಲ್ಲ, ಬಿಸಿಲಿಗೆ ಇಟ್ಟು — ಸುಡುತ್ತಿದೆ ಎಂದು ಗೊತ್ತಾದ ಮೇಲೂ ಅಲ್ಲೇ ಬಿಟ್ಟು. ಆಮೇಲೆ ಆ ತಪ್ಪನ್ನು ಗೌರಕ್ಕನ ತಲೆಗೇ ಕಟ್ಟಿದೆ. ಅವರು ನಂಬಿದರು. ನೀವೂ ನಂಬಿದಿರಿ, ನಂಬಿ ಚಪ್ಪಾಳೆ ತಟ್ಟಿದಿರಿ.

ನಮ್ಮ ಗುಂಪಿನ ಈ ವರ್ಷದ ಸಂಚಿಕೆಗೆ ಬೇಸಿಗೆಯಲ್ಲಿ ಬೋನ್ಸಾಯ್ ಕಾಪಾಡುವ ಬಗೆ ಕುರಿತು ಬರೆದುಕೊಡಿ ಎಂದು ಕೇಳಿದ್ದೀರಿ. ಆ ವಿಷಯದಲ್ಲಿ ನಾನು ದೊಡ್ಡ ಪಂಡಿತೆ ಎಂದು ನಿಮ್ಮ ಭಾವನೆ. ಬರೆಯಲು ಕೂತೆ. ನೆರಳಿನ ಬಲೆ, ಒದ್ದೆ ಗೋಣಿಚೀಲ, ಕುಂಡದ ಕೆಳಗೆ ಮರಳಿನ ತಟ್ಟೆ — ಅಷ್ಟು ಬರೆಯುವಷ್ಟರಲ್ಲಿ ಕೈ ಮುಂದೆ ಹೋಗಲಿಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಅಚ್ಚು ಹಾಕುವುದೂ ಬಿಡುವುದೂ ನಿಮಗೆ ಸೇರಿದ್ದು.

ಈಚೆಗೆ ಗುಂಪಿಗೆ ಸೇರಿದವರಿಗೆ ಗೌರಕ್ಕ ಗೊತ್ತಿರಲಿಕ್ಕಿಲ್ಲ. ಕೊಡಿಗೇಹಳ್ಳಿಯವರು. ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರದೇ ಬಾಡಿಗೆ ಮನೆಗಳು ನಿಂತಿವೆ. ಮೇಲಿನ ಅಂತಸ್ತಿನಲ್ಲಿ ಮಗ, ಸೊಸೆ, ಅವರು. ಆರ್.ಟಿ. ನಗರದ ನಮ್ಮ ಭಾನುವಾರದ ಸಭೆಗೆ ಸೆರಗಿನಲ್ಲಿ ಎಲೆ ಅಡಿಕೆ ಕಟ್ಟಿಕೊಂಡು ಬರುತ್ತಿದ್ದರು. ಬೋನ್ಸಾಯ್ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ, ಅವರಿಗೆ ಅದು ಯಾವಾಗಲೂ ‘ಕುಳ್ಳ ಮರ’. ನಿವೃತ್ತ ಅಧಿಕಾರಿಗಳಿಂದ ಹಿಡಿದು ಕಾಲೇಜು ಹುಡುಗಿಯರ ತನಕ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು, ಯಾರಿಗೂ ಬೇಸರವಾಗುತ್ತಿರಲಿಲ್ಲ. ಗಂಗಾನಗರದಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿರುವ ನಾನು ಅವರಿಗೆ ‘ಡಾಕ್ಟ್ರಮ್ಮ’. ನಾನು ಕೊಂಬೆಗಳಿಗೆ ತಂತಿ ಸುತ್ತುವುದನ್ನು ಕಂಡರೆ ಅವರಿಗೆ ನಗು. ಮಕ್ಕಳ ಹಲ್ಲಿಗೆ ಬಿಗಿಯುವುದು ಸಾಲದು ಎಂದು ಮರಕ್ಕೂ ಬಿಗಿಯುತ್ತೀಯಲ್ಲೇ ಎಂದು ರೇಗಿಸುತ್ತಿದ್ದರು.

ಅವರ ಕೈಗುಣ ನಮ್ಮ ಗುಂಪಿನಲ್ಲೆಲ್ಲ ಮನೆಮಾತಾಗಿತ್ತು. ಸೊರಗಿದ ಗಿಡವನ್ನು ತಂದು ಅವರ ಮುಂದೆ ಇಟ್ಟು, ಅಕ್ಕಾ ಒಂದು ಸಲ ಮುಟ್ಟಿ ಎನ್ನುತ್ತಿದ್ದರು ಜನ. ಸಸ್ಯಶಾಸ್ತ್ರ ಓದಿದವರೂ ಎನ್ನುತ್ತಿದ್ದರು. ನಾನೂ ಅಂದಿದ್ದೇನೆ. ಅವರು ಮಣ್ಣು ಕೆದಕಿ, ಬೇರು ಮೂಸಿ, ಏನೋ ಗೊಣಗಿ, ಬೇರೆ ಮಣ್ಣು ಹಾಕಿ ಕೊಡುತ್ತಿದ್ದರು. ಎಲ್ಲ ಗಿಡವೂ ಬದುಕುತ್ತಿತ್ತು ಎಂದಲ್ಲ. ಆದರೆ ಅವರು ಮುಟ್ಟಿದ ಮೇಲೆ ನಮಗೆ ಧೈರ್ಯ ಬರುತ್ತಿತ್ತು. ಅವರಿಗೂ ಅದೊಂದು ಹೆಮ್ಮೆ. ತಮ್ಮ ಆಸ್ತಿಯ ಬಗ್ಗೆ ಎಂದೂ ಜಂಬ ಪಡದವರು ಕೈಗುಣದ ಮಾತು ಬಂದರೆ ಮಾತ್ರ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು.

ಆ ಹುಣಸೆ ಅವರ ಹೊಲದ ಬದುವಿನಲ್ಲಿದ್ದ ದೊಡ್ಡ ಮರದ ಪಿಳ್ಳೆ. ಹೊಲ ಸೈಟಾದಾಗ ಮರ ಉರುಳಿತು. ಅದರ ಬುಡದಲ್ಲಿ ಎದ್ದಿದ್ದ ಸಸಿಯೊಂದನ್ನು ಗೌರಕ್ಕ ಕಿತ್ತು ತಂದು, ವರ್ಷಗಟ್ಟಲೆ ಬಗ್ಗಿಸಿ, ಸವರಿ, ಆ ದೊಡ್ಡ ಮರದ ರೂಪಕ್ಕೇ ತಂದಿದ್ದರು. ಎಡಗಡೆ ಕೆಳಗೆ ಒಂದು ಕೊಂಬೆ, ನೆಲಕ್ಕೆ ಸಮವಾಗಿ ಚಾಚಿಕೊಂಡದ್ದು. ನಮ್ಮ ಪಾಠದ ಪ್ರಕಾರ ಅದು ತಪ್ಪು ಕೊಂಬೆ. ಅಷ್ಟು ಕೆಳಗೆ, ಅಷ್ಟು ಉದ್ದ ಇರಬಾರದು. ತೆಗೆದುಬಿಡಿ ಅಕ್ಕಾ ಎಂದು ನಾನೇ ಎಷ್ಟೋ ಸಲ ಹೇಳಿದ್ದೆ. ಅವರು ಕೇಳಲಿಲ್ಲ. ದೊಡ್ಡ ಮರದ ಆ ಕೊಂಬೆಗೆ ಹಗ್ಗ ಕಟ್ಟಿ ಅವರೂ ಅವರ ತಂಗಿಯೂ ಉಯ್ಯಾಲೆ ಆಡುತ್ತಿದ್ದರಂತೆ. ತಂಗಿ ಈಗಿಲ್ಲ. ಉಯ್ಯಾಲೆ ಕೊಂಬೆ ಇಲ್ಲದೆ ಹೋದರೆ ಅದು ನಮ್ಮ ಮರ ಹೆಂಗಾಯ್ತದೆ ಎನ್ನುತ್ತಿದ್ದರು.

2016ರ ಬೇಸಿಗೆ ನಿಮಗೆ ನೆನಪಿರಬೇಕು. ಅದಕ್ಕೂ ಮುಂಚೆ ನಾವು ನೆರಳಿನ ಬಲೆ ಕಟ್ಟಿದವರಲ್ಲ; ಬೆಂಗಳೂರಿನ ಹವೆಯೇ ನೆರಳು ಎಂದು ಬೀಗುತ್ತಿದ್ದವರು. ಆ ವರ್ಷ ಏಪ್ರಿಲ್‌ನಲ್ಲಿ ಬರಬೇಕಾದ ಮಳೆ ಬರಲಿಲ್ಲ. ಸಂಜೆ ನೀರು ಹಾಕಿದರೆ ತಾರಸಿಯಿಂದ ಹಬೆ ಏಳುತ್ತಿತ್ತು. ಫೋನ್ ಮಾಡಿದವರೆಲ್ಲ ಯಾವುದೋ ಒಂದು ಗಿಡ ಹೋದ ಸುದ್ದಿ ಹೇಳುತ್ತಿದ್ದರು. ಅದೇ ಹೊತ್ತಿಗೆ ಗೌರಕ್ಕನಿಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ಮಣ್ಣು ಮುಟ್ಟಬಾರದು, ಬಗ್ಗಬಾರದು, ಬಿಸಿಲಿಗೆ ಹೋಗಬಾರದು ಎಂದರು. ಅವರ ಗಿಡಗಳನ್ನು ನಾವೊಬ್ಬೊಬ್ಬರು ಹಂಚಿಕೊಂಡು ಮನೆಗೆ ತಂದೆವು. ಹುಣಸೆಯನ್ನು ಅವರೇ ಎತ್ತಿ ನನ್ನ ಕೈಗೆ ಕೊಟ್ಟರು. ಹೇಳಿದ್ದು ಒಂದೇ ಮಾತು.

“ದಿನಾ ನೀರ್ ಹಾಕ್ದೇ ಇದ್ರೂ ಪರ್ವಾಗಿಲ್ಲ ಕಣೆ, ಕುಂಡ ತಿರುಗ್ಸೋದ್ ಮರೀಬೇಡ. ಒಂದೇ ಮಗ್ಗುಲು ಬೇಯಬಾರ್ದು.”

ನನ್ನ ತಾರಸಿಯಲ್ಲಿ ನೀರಿನ ತೊಟ್ಟಿಯ ಪಕ್ಕ ಸ್ವಲ್ಪವೇ ಜಾಗಕ್ಕೆ ಬಲೆ ಕಟ್ಟಿಸಿದ್ದೆ. ಹುಣಸೆಯನ್ನು ಅಲ್ಲೇ ಇಟ್ಟೆ. ಆದರೆ ನನ್ನದೂ ಒಂದು ಬಸರಿ ಮರವಿತ್ತು — ಪ್ರದರ್ಶನಕ್ಕೆಂದು ಸಾಕುತ್ತಿದ್ದದ್ದು. ಮುಂದಿನ ಬೀದಿಯಲ್ಲಿ ಹೊಸದಾಗಿ ಎದ್ದ ಗಾಜಿನ ಕಟ್ಟಡ ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಿಸಿಲನ್ನೆಲ್ಲ ನನ್ನ ತಾರಸಿಯ ಮೇಲೆ ಎಸೆಯುತ್ತಿತ್ತು. ಬಸರಿಯ ಎಲೆಯಂಚು ಕಂದತೊಡಗಿತು. ಬಲೆಯ ಕೆಳಗೆ ಜಾಗವಿರಲಿಲ್ಲ. ನಾನು ಹುಣಸೆಯನ್ನು ಎತ್ತಿ ಬೀದಿ ಕಡೆಯ ಮೋಟುಗೋಡೆಯ ಮೇಲಿಟ್ಟೆ, ಅದರ ಜಾಗದಲ್ಲಿ ಬಸರಿಯನ್ನಿಟ್ಟೆ. ಹುಣಸೆಗೇನು, ಬಯಲಲ್ಲಿ ಬೆಳೆಯುವ ಮರ, ಬಿಸಿಲಿಗೆ ಹೆದರುತ್ತದೆಯೇ — ಹೀಗೆ ನನಗೆ ನಾನೇ ಹೇಳಿಕೊಂಡೆ. ಬಯಲಿನ ಹುಣಸೆಯ ಬೇರು ನೆಲದ ತಂಪಿನಲ್ಲಿರುತ್ತದೆ, ಈ ಹುಣಸೆಯ ಬೇರು ಅಂಗೈಯಾಳದ ಕಪ್ಪು ಕುಂಡದಲ್ಲಿದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇ?

ಒಂದು ದಿನ ಸಂಜೆ ಬಟ್ಟೆ ತೆಗೆಯಲು ಹೋದವಳು ಕುಂಡವನ್ನು ಮುಟ್ಟಿ ನೋಡಿದೆ. ಒಲೆಯ ಮೇಲಿಂದ ಇಳಿಸಿದ ಕಾವಲಿಯ ಹಾಗೆ ಕಾದಿತ್ತು, ಕೈ ಹಿಂದಕ್ಕೆ ಎಳೆದುಕೊಂಡೆ. ಇದೇ ಕ್ಷಣವನ್ನು ನಾನು ಒಪ್ಪಿಕೊಳ್ಳಬೇಕಿರುವುದು. ಆಗಲೇ ಅದನ್ನು ಕೆಳಗಿಳಿಸಬಹುದಿತ್ತು. ಕ್ಲಿನಿಕ್ಕಿನ ಮೂಲೆಯಲ್ಲಾದರೂ ಇಡಬಹುದಿತ್ತು. ಬಸರಿಯನ್ನು ಸರಿಸಬಹುದಿತ್ತು. ಆದರೆ ಪ್ರದರ್ಶನಕ್ಕೆ ಗಿಡಗಳನ್ನು ಆರಿಸುವವರು ಅದೇ ವಾರ ನೋಡಲು ಬರುವವರಿದ್ದರು, ಬಸರಿ ಕಳೆ ಕಳೆದುಕೊಳ್ಳುವುದು ನನಗೆ ಬೇಡವಾಗಿತ್ತು. ಅವರು ಬಂದು ಹೋಗಲಿ, ಆಮೇಲೆ ನೋಡೋಣ ಎಂದುಕೊಂಡು ಬಟ್ಟೆ ಎತ್ತಿಕೊಂಡು ಇಳಿದೆ. ಕುಂಡ ತಿರುಗಿಸಲೂ ಇಲ್ಲ. ಯಾಕೆಂದರೆ — ಹೇಳಿಬಿಡುತ್ತೇನೆ — ತಿರುಗಿಸಿದರೆ ಇನ್ನೊಂದು ಸಲ ಆ ಕಾವನ್ನು ಮುಟ್ಟಬೇಕಾಗಿತ್ತು. ಮುಟ್ಟಿದರೆ ಏನಾದರೂ ಮಾಡಲೇಬೇಕಾಗುತ್ತಿತ್ತು.

ಹುಣಸೆ ಎಲೆಗಳು ಸಂಜೆಗೆ ಮಡಚಿಕೊಂಡು ಬೆಳಿಗ್ಗೆ ಬಿಚ್ಚಿಕೊಳ್ಳುತ್ತವೆ, ನಿಮಗೆ ಗೊತ್ತು. ಅದಾಗಿ ಒಂದೆರಡು ದಿನಕ್ಕೆ ಬೆಳಿಗ್ಗೆ ಹೋಗಿ ನೋಡಿದರೆ ಇಡೀ ಮರ ಬಿಚ್ಚಿಕೊಂಡಿತ್ತು, ಉಯ್ಯಾಲೆ ಕೊಂಬೆ ಮಾತ್ರ ಮುಚ್ಚಿಕೊಂಡೇ ಇತ್ತು. ಮಧ್ಯಾಹ್ನಕ್ಕೂ ಬಿಚ್ಚಲಿಲ್ಲ. ಕುಂಡದಿಂದ ಮರವನ್ನು ಎತ್ತಿ ನೋಡಿದೆ. ಬಲಗಡೆಯ ಬೇರು ಜೀವಂತವಾಗಿತ್ತು. ಗಾಜಿನ ಕಟ್ಟಡದ ಕಡೆಗಿದ್ದ ಎಡಗಡೆಯದು ಹಪ್ಪಳದಂತೆ ಮುರಿಯುತ್ತಿತ್ತು. ಕೊಳೆತ ಬೇರು ಮೆತ್ತಗಿರುತ್ತದೆ, ನಾರುತ್ತದೆ. ಇದು ನಾರಲಿಲ್ಲ. ಒಣಗಿತ್ತು, ಬೆಂದಿತ್ತು.

ಸತ್ತ ಕೊಂಬೆಯನ್ನು ಅಲಂಕಾರ ಮಾಡುವ ವಿದ್ಯೆ ನಮ್ಮಲ್ಲಿದೆ. ತೊಗಟೆ ಸುಲಿದು, ಕೆತ್ತಿ, ಬಿಳುಪು ಮಾಡಿ, ಸಿಡಿಲಿಗೆ ಸಿಕ್ಕಿಯೂ ಬದುಕಿದ ಮುದಿಮರದ ಹಾಗೆ ಕಾಣಿಸುವುದು, ಜಿನ್ ಎನ್ನುತ್ತೇವೆ. ನಾನು ಅದನ್ನೇ ಮಾಡಿದೆ. ಹಲ್ಲು ಕೊರೆಯುವ ಉಪಕರಣದಲ್ಲೇ ಕೊಂಬೆಯನ್ನು ಕೊರೆದೆ, ಉದ್ದವನ್ನು ಕತ್ತರಿಸಿ ಮೊಂಡು ಉಳಿಸಿದೆ, ಸುಣ್ಣ ಗಂಧಕದ ದ್ರಾವಣ ಬಳಿದೆ. ಕೆಲಸ ಚೆನ್ನಾಗಿಯೇ ಬಂತು. ಕೆತ್ತುವಾಗ ಮೈಮರೆತು ಖುಷಿಪಟ್ಟೆ ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಗೌರಕ್ಕ ಬಂದರು. ಕಣ್ಣಿಗೆ ಕಪ್ಪು ಕನ್ನಡಕವಿತ್ತು, ಇನ್ನೂ ಸರಿಯಾಗಿ ಕಾಣುತ್ತಿರಲಿಲ್ಲ. ಮರದ ಮುಂದೆ ಕೂತು ಕೈಯಿಂದಲೇ ತಡವಿದರು. ಬುಡ, ಕಾಂಡ, ಬಲಗಡೆ ಕೊಂಬೆ. ಆಮೇಲೆ ಎಡಗಡೆಗೆ ಕೈ ಹೋಯಿತು, ಕೊಂಬೆ ಇರಬೇಕಾದ ಕಡೆ ನುಣ್ಣನೆ ಮೊಂಡು ಸಿಕ್ಕಿತು. ಅಲ್ಲೇ ಬೆರಳು ನಿಂತವು.

“ಇದೇನೇ, ಮೂಳೆ ಇದ್ದಂಗೈತೆ?”

ನಾನು ಕ್ಲಿನಿಕ್ಕಿನಲ್ಲಿ ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತೇನೋ, ಅದೇ ಮಾತು ಅದೇ ಮೆತ್ತನೆ ದನಿಯಲ್ಲಿ ಬಾಯಿಗೆ ಬಂತು.

“ಒಳಗೆ ಮೊದಲೇ ಕೊಳೆತಿತ್ತು ಅಕ್ಕಾ. ನೀರು ಜಾಸ್ತಿ ಆಗಿತ್ತು ಅನ್ಸತ್ತೆ. ಮರ ಉಳಿದಿದ್ದೇ ಪುಣ್ಯ.”

ಅವರು ಮೊಂಡಿನ ಮೇಲಿಂದ ಕೈ ತೆಗೆದರು. ಕಣ್ಣು ಮಂಜಾಗಿದ್ದ ದಿನಗಳಲ್ಲಿ ಕಾಣದೆ ಎರಡೆರಡು ಸಲ ನೀರು ಹಾಕಿರಬೇಕು, ನನ್ನದೇ ತಪ್ಪು ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ನೀನಾದರೂ ಉಳಿಸಿದೆಯಲ್ಲ ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಮರವನ್ನು ಅವರು ವಾಪಸ್ ಒಯ್ಯಲಿಲ್ಲ. “ನಿನ್ ಹತ್ರಾನೇ ಇರ್ಲಿ. ನನ್ ಕೈಗುಣ ಹೋಯ್ತು.”

ಮುಂದಿನದು ನಿಮಗೆ ಗೊತ್ತು. ಪ್ರದರ್ಶನದಲ್ಲಿ ಬಸರಿಯ ಪಕ್ಕ ಹುಣಸೆಯನ್ನೂ ಇಟ್ಟೆ. ಬಸರಿಯನ್ನು ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ನಿಂತು ನೋಡಿದ್ದು ಆ ಬಿಳಿ ಮೊಂಡನ್ನು. ಸಾಯುವ ಮರವನ್ನು ಉಳಿಸಿದ ಕಥೆ ಹೇಳಿ ಎಂದು ನನ್ನನ್ನು ವೇದಿಕೆ ಹತ್ತಿಸಿದಿರಿ. ಬೇಸಿಗೆ ಬಂದಾಗಲೆಲ್ಲ ಹತ್ತಿಸಿದಿರಿ. ಕುಂಡ ಕಾಯಲು ಬಿಡಬೇಡಿ, ತಿರುಗಿಸುತ್ತಿರಿ ಎಂದು ನಾನು ಉಪದೇಶ ಮಾಡಿದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಯಾರಾದರೂ ಸುಮ್ಮನೆ ಗೌರಕ್ಕ ಹೇಗಿದ್ದಾರೆ ಎಂದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಅವರು ಸಭೆಗೆ ಬರುವುದನ್ನು ಬಿಟ್ಟಿದ್ದರು. ತಮ್ಮ ಗಿಡಗಳನ್ನು ಯಾರು ಯಾರು ಇಟ್ಟುಕೊಂಡಿದ್ದರೋ ಅವರಿಗೇ ಕೊಟ್ಟುಬಿಟ್ಟಿದ್ದರು. ವಯಸ್ಸಾಯಿತು ಎಂದು ನಾವೆಲ್ಲ ಅಂದುಕೊಂಡೆವು. ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದೆ.

ಈ ಬೇಸಿಗೆಯಲ್ಲಿ ಅವರ ಸೊಸೆ ಹಲ್ಲು ತೋರಿಸಲು ಬಂದಿದ್ದರು. ಬಾಯಿ ಮುಕ್ಕಳಿಸುವ ನಡುವೆ ಮನೆಯ ಮಾತು ಬಂತು. ಅತ್ತೆ ಈಗ ತುಳಸಿಗೂ ನೀರು ಹಾಕುವುದಿಲ್ಲವಂತೆ. ಕಟ್ಟೆಯ ಮುಂದೆ ನಿಂತು ಕೈಮುಗಿಯುತ್ತಾರೆ, ತಂಬಿಗೆ ಮಾತ್ರ ಸೊಸೆಯ ಕೈಗೆ ಕೊಡುತ್ತಾರೆ. ತಾವು ಮುಟ್ಟಿದರೆ ಒಣಗುತ್ತದೆ ಎನ್ನುತ್ತಾರಂತೆ. ಸೊಸೆ ಅದನ್ನು ಮುದುಕಿಯ ಹಟ ಎಂದು ನಗುತ್ತಲೇ ಹೇಳಿದರು. ನಾನು ಸುಟ್ಟದ್ದು ಒಂದು ಕೊಂಬೆಯನ್ನು ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ಭಾನುವಾರ ಮರವನ್ನು ಕಾರಿನಲ್ಲಿಟ್ಟುಕೊಂಡು ಕೊಡಿಗೇಹಳ್ಳಿಗೆ ಹೋದೆ. ಗೌರಕ್ಕ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಏನೇ ಡಾಕ್ಟ್ರಮ್ಮ, ದಾರಿ ತಪ್ಪಿ ಬಂದೆಯಾ ಎಂದು ನಕ್ಕರು. ಮರವನ್ನು ಅವರ ಮುಂದೆ ನೆಲದ ಮೇಲೆ ಇಳಿಸಿ ಹೇಳಿಬಿಟ್ಟೆ.

“ಅಕ್ಕಾ, ಅದು ಕೊಳೆತಿರ್ಲಿಲ್ಲ. ನಾನು ಬಿಸಿಲಲ್ಲಿಟ್ಟು ಸುಟ್ಟೆ. ಕಾದಿದ್ದು ಗೊತ್ತಿತ್ತು, ನನ್ನ ಮರಕ್ಕೋಸ್ಕರ ಎತ್ತಲಿಲ್ಲ. ನಿಮ್ಮ ಮೇಲೆ ಸುಳ್ಳು ಹೇಳಿದೆ.”

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದು ಬೇಡಿಕೊಂಡೆ. ಅವರು ನನ್ನನ್ನು ನೋಡಲೇ ಇಲ್ಲ. ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

“ಅಂಗಾರೆ... ನನ್ ಕೈ ಸರಿಯಾಗೇ ಇತ್ತಾ?”

ಸರಿಯಾಗೇ ಇತ್ತು ಅಕ್ಕಾ ಎಂದೆ. ಅವರು ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ, ಗಿಡಗಳನ್ನೆಲ್ಲ ಕೊಟ್ಟುಬಿಟ್ಟೆನಲ್ಲ ಎಂದರು, ನನಗಲ್ಲ, ಸೊಪ್ಪಿನ ಮೊರಕ್ಕೆ ಹೇಳುವವರ ಹಾಗೆ. ಕಾಫಿ ಕುಡಿ ಎನ್ನಲಿಲ್ಲ. ಕೂತುಕೋ ಎನ್ನಲಿಲ್ಲ.

“ಮರ ಅಲ್ಲೇ ಇಟ್ಟೋಗಿ, ಡಾಕ್ಟ್ರೇ.”

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ನಾನು ಕ್ಷಮೆ ಕೇಳಲಿಲ್ಲ, ಕೇಳಿದರೆ ಅವರು ಕೊಟ್ಟುಬಿಡುತ್ತಿದ್ದರೇನೋ ಎಂಬ ಭಯವಿತ್ತು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಹಿಂದೆ ಕುಂಡ ನೆಲಕ್ಕೆ ಉಜ್ಜುವ ಸದ್ದಾಯಿತು. ಅವರು ಅದನ್ನು ತಿರುಗಿಸುತ್ತಿದ್ದರು.

ಆ ಹುಣಸೆಯ ಹೆಸರಿನಲ್ಲಿ ನೀವು ನನಗೆ ಕೊಟ್ಟ ಫಲಕವನ್ನು ಈ ಬರಹದ ಜೊತೆಗೇ ಕಳಿಸುತ್ತಿದ್ದೇನೆ. ಇನ್ನು ಬೇಸಿಗೆಯ ಬಗ್ಗೆ ನಾನು ಮಾತಾಡುವುದಿಲ್ಲ, ಕರೆಯಬೇಡಿ. ಆದರೆ ಒಂದು ಬೇಡಿಕೆ ಇದೆ. ಗೌರಕ್ಕನ ಗಿಡ ನಿಮ್ಮಲ್ಲಿ ಯಾರ ಹತ್ತಿರ ಇದೆಯೋ, ಅದನ್ನು ಒಂದು ಸಲ ಕೊಡಿಗೇಹಳ್ಳಿಗೆ ಒಯ್ಯಿರಿ. ಈ ಬಿಸಿಲಿಗೆ ಸೊರಗಿದ ನಿಮ್ಮ ಗಿಡಗಳಿದ್ದರೆ ಅವನ್ನೂ ಒಯ್ಯಿರಿ. ನನ್ನ ಹೆಸರು ಎತ್ತಬೇಡಿ. ಅಕ್ಕಾ, ಒಂದು ಸಲ ಮುಟ್ಟಿ ಎಂದು ಹಿಂದಿನ ಹಾಗೆಯೇ ಕೇಳಿ. ಅವರು ಬೇಡ ಎನ್ನಬಹುದು, ಅಲ್ಲೇ ಇಡಿ ಎನ್ನಬಹುದು. ಕುಂಡವನ್ನು ನೆಲದ ಮೇಲೆ ಇಡಬೇಡಿ. ಅವರ ಕೈಗೇ ಕೊಡಿ.