ಸೊಪ್ಪಿನ ಕೋಣೆಯಲ್ಲಿ ಬೆಸೆದ ಗಾಜಿನ ಎಳೆ

ಕಳೆದ ವರ್ಷದ ಚಳಿಗಾಲದ ಮಾತು. ಮಾಗಡಿಯ ಸುತ್ತಲಿನ ಹಳ್ಳಿಗಳಿಗೆ ಹೋಗುವ ಫೈಬರ್ ಇಂಟರ್ನೆಟ್ ಲೈನುಗಳ ದುರಸ್ತಿ ನನ್ನ ಕೆಲಸ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಟಿ.ವಿ. ಕೇಬಲ್ ಎಳೆದವನು ನಾನು. ಹೀಗಾಗಿ ಜನ ಇವತ್ತಿಗೂ ಕೇಬಲ್ ರಂಗಣ್ಣ ಎಂದೇ ಕರೆಯುತ್ತಾರೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ದೂರುತ್ತಾಳೆ. ಇರಬಹುದು. ಕಂಬ ಹತ್ತಿ ಇಳಿಯುವಷ್ಟರಲ್ಲಿ ಕೆಳಗಿನ ಏಣಿಯನ್ನೇ ಸಾಗಿಸಿಬಿಡುವ ಊರುಗಳಲ್ಲಿ ದುಡಿದವನಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಆ ದಿನ ಮಧ್ಯಾಹ್ನ ಊಟ ಮುಗಿಸಿ ಮಾಗಡಿಯ ನನ್ನ ಅಂಗಡಿಯಲ್ಲಿ ಕೂತಿದ್ದೆ. ಕಲ್ಯದ ಕಡೆಯ ಒಂದು ಹಳ್ಳಿಯಿಂದ ತಮ್ಮಯ್ಯ ಎಂಬ ಹಿರಿಯರು ಸ್ಕೂಟರಿನಲ್ಲಿ ಅಂಗಡಿಗೆ ಬಂದರು. ಬೆಳಿಗ್ಗೆಯಿಂದ ಇಂಟರ್ನೆಟ್ ಇಲ್ಲ, ಗೋಡೆಯ ಡಬ್ಬಿಯಲ್ಲಿ ಕೆಂಪು ದೀಪ ಮಿನುಗುತ್ತಿದೆ ಎಂದರು. ಫೈಬರ್ ಎಂದರೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಹರಿಯುವುದು ಕರೆಂಟಲ್ಲ, ಬೆಳಕು. ಕೆಂಪು ದೀಪ ಬಂತೆಂದರೆ ಆ ಬೆಳಕು ದಾರಿಯಲ್ಲೆಲ್ಲೋ ನಿಂತಿದೆ ಎಂದರ್ಥ. ಆ ಹಳ್ಳಿಗೆ ಹೋಗುವ ಕವಲು ಲೈನಿನಲ್ಲಿ ಇದ್ದದ್ದೇ ಮೂರು ಮನೆ. ನಾಳೆ ಬೆಳಿಗ್ಗೆ ನೋಡೋಣ ಎಂದು ಹೇಳಿ ಕಳಿಸಲು ಹೊರಟೆ.

ಅವರು ವಾದ ಮಾಡಲಿಲ್ಲ. "ಆಗ್ಲಿ ಬುಡಣ್ಣ. ಇಲ್ಲಿ ಒಳ್ಳೆ ದಪ್ಪದ ಕಂಬ್ಳಿ ಎಲ್ಲಿ ಸಿಕ್ತದೆ, ಅಷ್ಟು ಹೇಳು," ಎಂದರು.

ಇಂಟರ್ನೆಟ್ಟಿಗೂ ಕಂಬಳಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಮೆಲ್ಲಗೆ ವಿಷಯ ಬಿಚ್ಚಿದರು. ಅವರ ಹೆಂಡತಿ ನಾಗರತ್ನಮ್ಮ ಹಿಂದೆ ಅಂಗನವಾಡಿಯಲ್ಲಿ ಟೀಚರ್ ಆಗಿದ್ದವರು. ಎರಡು ವರ್ಷದಿಂದ ಮೈಲೋಮಾ, ಅಂದರೆ ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್. ಅದಕ್ಕೆ ಕೊಡುವ ಸ್ಟಿರಾಯ್ಡ್ ಮಾತ್ರೆ ನುಂಗಿದ ರಾತ್ರಿ ರೆಪ್ಪೆ ಮುಚ್ಚಿದರೂ ನಿದ್ದೆ ಹತ್ತುವುದಿಲ್ಲವಂತೆ. ಎಷ್ಟೋ ರಾತ್ರಿ ಆಕೆ ಗೋಡೆ ನೋಡಿಕೊಂಡು ಕೂತಿರುತ್ತಿದ್ದರು. ಒಂದು ಸಲ ತಮ್ಮಯ್ಯನವರಿಗೆ ನಡುರಾತ್ರಿ ಎಚ್ಚರವಾದಾಗ ನಡುಮನೆಯಿಂದ ಹೆಂಡತಿ ನಗುವ ಸದ್ದು ಕೇಳಿತು. ತಿಂಗಳುಗಟ್ಟಲೆ ಕೇಳದ ನಗು. ಎದ್ದು ಹೋಗಿ ನೋಡಿದರೆ ಕೈಯಲ್ಲಿ ಫೋನು! ಇದೇ ಕಾಯಿಲೆಯವರು ಸೇರಿ ವಿಡಿಯೊ ಕರೆಯ ಗುಂಪೊಂದನ್ನು ಮಾಡಿಕೊಂಡಿದ್ದರು. ನಿದ್ದೆ ಬಾರದವರು ಬಂದು ಕೂರುವುದು, ನಿದ್ದೆ ಹತ್ತಿದವರು ಎದ್ದು ಹೋಗುವುದು.

ಅಲ್ಲಿ ಸಿಕ್ಕವಳೇ ಕಲಬುರಗಿ ಕಡೆಯ ಮಹಾದೇವಿ. ಇಬ್ಬರೂ ಒಮ್ಮೆಯೂ ಮುಖಾಮುಖಿ ಭೇಟಿಯಾದವರಲ್ಲ. ಆಕೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆ ಆಗಬೇಕಿತ್ತು. ಸೋಂಕು ತಗುಲಬಾರದೆಂದು ವಾರಗಟ್ಟಲೆ ಒಂಟಿ ಕೋಣೆ, ಮನೆಯವರಿಗೂ ಒಳಗೆ ಪ್ರವೇಶವಿಲ್ಲ. ಹೆದರಿ ಒಂದು ಸಲ ಬಾಗಿಲವರೆಗೂ ಹೋಗಿ ವಾಪಸ್ ಬಂದಿದ್ದಳು. ಮೊದಲ ರಾತ್ರಿ ಪೂರ್ತಿ ಫೋನಿನಲ್ಲಿ ಎದುರಿಗೆ ಕೂತಿರುತ್ತೇನೆ ಎಂದು ನಾಗರತ್ನಮ್ಮ ಮಾತು ಕೊಟ್ಟ ಮೇಲೆಯೇ ಒಪ್ಪಿದ್ದು. ಆ ಮೊದಲ ರಾತ್ರಿ ಇವತ್ತೇ. ಒಂಬತ್ತು ಗಂಟೆಗೆ ಕರೆ ಮಾಡಬೇಕು. ಊರಿನ ಬೆನ್ನಿಗೆ ಬಂಡೆ ಇರುವುದರಿಂದ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.

"ಬಂಡೆ ಮ್ಯಾಲೆ ಸಿಗ್ನಲ್ ಐತಂತೆ. ಬೆಳಗಾನ ಅಲ್ಲೇ ಕೂರ್ತೀನಿ ಅಂತವಳೆ. ಅವಳ ಮೈಲಿ ರಕ್ತ್ವೇ ಇಲ್ಲ ಕಣಣ್ಣ, ಒಸಿ ಚಳಿ ತಾಕುದ್ರೂ ಎದೆ ಕಟ್ಕತದೆ ಅಂದವ್ರೆ ಡಾಕ್ಟ್ರು. ಕೇಳಕಿಲ್ಲ ಅಂತಾಳೆ."

ನನಗೆ ಎಲ್ಲಿತ್ತೋ ಸಿಟ್ಟು. ಇದನ್ನು ಮೊದಲೇ ಹೇಳುವುದಲ್ಲವೇ ಯಜಮಾನರೇ ಎಂದು ಅವರ ಮೇಲೆಯೇ ರೇಗಿದೆ. ಅವರನ್ನು ಮನೆಗೆ ಕಳಿಸಿ, ಓಟಿಡಿಆರ್ ಯಂತ್ರ ತೆಗೆದೆ. ಇದು ಎಳೆಯೊಳಗೆ ಬೆಳಕು ಬಿಟ್ಟು, ತುಂಡಾದ ಜಾಗ ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ. ಹಳ್ಳಿಗೆ ಇನ್ನೊಂದು ಕಿಲೋಮೀಟರ್ ಇರುವಾಗ ಲೈನು ಕಡಿದಿದೆ ಎಂದು ತೋರಿಸಿತು. ಸಾಮಾನೆಲ್ಲ ಮೊಪೆಡ್ಡಿಗೆ ಬಿಗಿದು ಹೊರಟೆ.

ಹಿಪ್ಪುನೇರಳೆ ತೋಟದ ಪಕ್ಕದ ಕಂಬದಲ್ಲಿ, ಮುಂದೆ ಬೇಕಾಗುತ್ತದೆ ಎಂದು ನಾನು ಸುತ್ತಿ ನೇತುಹಾಕಿದ್ದ ಕೇಬಲ್ ಸಿಂಬಿ ಮಾಯವಾಗಿತ್ತು. ಕೆಳಗೆ ಬದುವಿನ ಮೇಲೆ ಸೊಪ್ಪಿನ ಹೊರೆಗಳು. ಅವುಗಳ ನಡುವಿಗೆ ಬಿಗಿದು ಗಂಟು ಹಾಕಿದ್ದು ನನ್ನ ಫೈಬರ್!

"ಯಾವನ್ಲಾ ಈ ವೈರ್ ಕುಯ್ದೋನು?"

ತೋಟದಿಂದ ತಲೆ ಎತ್ತಿದ ಶಿವಣ್ಣ ಏನೂ ನಡೆದೇ ಇಲ್ಲ ಎನ್ನುವಂತೆ ತಾನೇ ಎಂದ. ರೇಷ್ಮೆ ಹುಳು ಕೊನೆಯ ಹಂತಕ್ಕೆ ಬಂದು ಬಕಾಸುರರ ಹಾಗೆ ಮೇಯುತ್ತಿವೆ, ಬೆಳಿಗ್ಗೆ ಅವಸರದಲ್ಲಿ ಹಗ್ಗ ಕಿತ್ತುಹೋಯಿತು, ಟಿ.ವಿ.ಯ ಹಳೇ ಕೇಬಲ್ ತಾನೇ ಎಂದು ಕುಯ್ದೆ ಎಂದ. ಅವನದೂ ತಪ್ಪೆನ್ನಲಾಗದು. ಮನೆ ಮನೆಗೆ ಡಿಶ್ ಬಂದ ಮೇಲೆ ತಾಲ್ಲೂಕಿನಲ್ಲಿ ಬಟ್ಟೆ ಒಣಹಾಕುವುದು, ಎಮ್ಮೆ ಕಟ್ಟುವುದು ಎಲ್ಲ ಆ ಕಪ್ಪು ಕೇಬಲ್ಲಿನಲ್ಲೇ. ಆದರೂ ಬಾಯಿಗೆ ಬಂದಂತೆ ಬೈದೆ. ಬೈಗುಳದ ನಡುವೆ ನಾಗರತ್ನಮ್ಮನ ಕಥೆಯೂ ಹೊರಬಂತು. ಶಿವಣ್ಣನ ಮುಖ ಇಳಿದುಹೋಯಿತು. ಏಣಿ ತಂದು ಕಂಬಕ್ಕೆ ಒರಗಿಸಿದ.

ಗಂಟು ಬಿದ್ದ ತುಂಡಿನೊಳಗೆ ಗಾಜು ಪುಡಿಯಾಗಿತ್ತು. ಹೊಸ ತುಂಡು ಸೇರಿಸಿ ಎರಡೂ ಕಡೆ ಬೆಸೆಯಬೇಕು. ಇದಕ್ಕೆ ಸ್ಪ್ಲೈಸಿಂಗ್ ಎನ್ನುತ್ತೇವೆ. ಎರಡು ಎಳೆಗಳ ತುದಿಯನ್ನು ಎದುರುಬದುರು ಇಟ್ಟರೆ ಯಂತ್ರ ಕಿಡಿ ಹಾರಿಸಿ ಕರಗಿಸಿ ಒಂದು ಮಾಡುತ್ತದೆ. ತುದಿಯಲ್ಲಿ ಒಂದು ಕಣ ಧೂಳು ಕೂತರೂ ಕೆಟ್ಟಿತು. ಅವತ್ತು ಸಂಜೆಯ ಗಾಳಿಗೆ ರಾಗಿ ಕಣದ ಹೊಟ್ಟು ನಮ್ಮ ಕಡೆಗೇ ಹಾರಿಬರುತ್ತಿತ್ತು. ಬೆಸೆದದ್ದೆಲ್ಲ ಕೆಡುತ್ತಾ ಹೋಯಿತು. ಶಿವಣ್ಣ ಕಂಬಳಿ ಮರೆ ಹಿಡಿದ, ಅದರ ನವಿರೇ ಉದುರಿ ಎಳೆಗೆ ಅಂಟಿಕೊಂಡಿತು. ಹೊತ್ತು ಮುಳುಗಿತು.

ಗಾಳಿಯಿಲ್ಲದ, ಧೂಳಿಲ್ಲದ ಜಾಗ ಹತ್ತಿರದಲ್ಲಿ ಒಂದೇ ಇತ್ತು: ಕಂಬದ ಪಕ್ಕದಲ್ಲೇ ಇದ್ದ ಶಿವಣ್ಣನ ಹುಳು ಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆ. ಕೊಯ್ದ ಸೊಪ್ಪನ್ನು ಒದ್ದೆ ಗೋಣಿ ಹೊದಿಸಿ ಅಲ್ಲಿ ತಂಪಾಗಿ ಇಡುತ್ತಾರೆ. ಆದರೆ ನಮ್ಮ ಕಡೆ ಹುಳು ಮನೆಯ ಹೊಸ್ತಿಲು ತುಳಿಯಲು ಹೊರಗಿನವರನ್ನು ಬಿಡುವುದಿಲ್ಲ. ಕಾಲಿನ ಜೊತೆ ರೋಗ ಒಳಗೆ ಬಂದರೆ ಬೆಳೆಯೇ ಹೋಯಿತು. ಅದೂ ಇನ್ನೇನು ಗೂಡು ಕಟ್ಟಲಿರುವ ಹುಳು. ಮೇಲಾಗಿ ಎಳೆ ಒರೆಸಲು ನನಗೆ ಸ್ಪಿರಿಟ್ ಬೇಕು, ಅದರ ವಾಸನೆ ಹುಳುವಿಗೆ ಆಗದು. ಇದೆಲ್ಲ ಗೊತ್ತಿದ್ದ ನಾನು ಬಾಯಿಬಿಟ್ಟು ಕೇಳಲಿಲ್ಲ. ಮತ್ತೆ ಮತ್ತೆ ಆ ಕೋಣೆಯ ಕಡೆ ನೋಡಿದೆ, ಅಷ್ಟೇ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವನ ಹೆಂಡತಿ ಚೆನ್ನಮ್ಮ ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟಳು.

"ಕೈಕಾಲು ತೊಳ್ಕೊಂಡು ಒಳೀಕೆ ಬಾರಣ್ಣ. ಹುಳ ಇನ್ನೊಂದು ಸಲ ಮೇಯಿಸ್ಬೋದು. ಆ ಯಮ್ಮ ಬಂಡೆ ಮ್ಯಾಲೆ ಕೂತ್ಕಂಡ್ರೆ ನಂಗೆ ಅನ್ನ ಇಳಿತದಾ?"

ಬ್ಲೀಚಿಂಗ್ ಪುಡಿ ತುಳಿಸಿ ನನ್ನನ್ನು ಒಳಗೆ ಕರೆದಳು. ಹುಳುಗಳಿದ್ದ ಕಡೆಯ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದಳು. ಹೊಸ ತುಂಡನ್ನು ಉದ್ದವಾಗಿಯೇ ಕತ್ತರಿಸಿಕೊಂಡು, ಕೇಬಲ್ಲಿನ ತುದಿಗಳನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡೆ. ಸ್ಪಿರಿಟ್ ಎರಡೇ ತೊಟ್ಟು. ಶಿವಣ್ಣ ಉಸಿರು ಬಿಗಿಹಿಡಿದು ಟಾರ್ಚ್ ಹಿಡಿದ. ಒಂದು ಬೆಸುಗೆ ಕೂತಿತು. ಎರಡನೆಯದನ್ನು ಇಟ್ಟು ಗುಂಡಿ ಒತ್ತಿದೆ. ಕಿಡಿ ಹಾರಿತು. ನಷ್ಟ ಸೊನ್ನೆ ಪಾಯಿಂಟ್ ಸೊನ್ನೆ ಎರಡು ಎಂದು ಪರದೆಯ ಮೇಲೆ ಬಂತು. ಬೆಳಕು ಹೆಚ್ಚುಕಡಿಮೆ ಪೂರ್ತಿ ದಾಟುತ್ತಿದೆ ಎಂದರ್ಥ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಖುಷಿ ಕೊಟ್ಟ ಅಂಕಿ ಇನ್ನೊಂದಿಲ್ಲ! ಶಿವಣ್ಣನನ್ನು ತಬ್ಬಿಕೊಂಡೆ. ಆ ಬೆಳೆಗೆ ಏನೂ ಆಗಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಗೂಡು ರಾಮನಗರದ ಮಾರುಕಟ್ಟೆ ಸೇರುವವರೆಗೆ ನಾನೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ತಮ್ಮಯ್ಯನವರ ಮನೆಗೆ ಮೊಪೆಡ್ ಓಡಿಸಿದೆ. ಬಾಗಿಲಲ್ಲಿ ಹೊಸ ಕಂಬಳಿ, ಫ್ಲಾಸ್ಕು, ಸ್ವೆಟರು ಎಲ್ಲ ಹೊರಡಲು ಸಿದ್ಧವಾಗಿದ್ದವು. ಒಳಗೆ ಡಬ್ಬಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ನಾಗರತ್ನಮ್ಮ ಫೋನನ್ನು ಚೊಂಬಿಗೆ ಒರಗಿಸಿಟ್ಟು ಕರೆ ಮಾಡಿದರು. ಪರದೆಯ ಮೇಲೆ ಚಿಕಿತ್ಸೆಗೆಂದು ಮೊದಲೇ ಬೋಳಿಸಿಕೊಂಡ ತಲೆಯ, ಮಾಸ್ಕ್ ಹಾಕಿದ ಒಂದು ಮುಖ ಬಂತು.

"ಬಂದ್ಯಾ ಅಕ್ಕಾ? ಬರಂಗಿಲ್ಲೇನೋ ಅಂತ ಭಾಳ ಅಂಜಿದ್ದೆ."

"ಬಂದೆ ಕಣವ್ವ. ಮನಿಕ್ಕೊ," ಎಂದರು ನಾಗರತ್ನಮ್ಮ.

ಅಷ್ಟೇ. ಇಷ್ಟೆಲ್ಲ ಒದ್ದಾಡಿದ್ದಕ್ಕೆ ಏನೇನೋ ಮಾತಾಡುತ್ತಾರೆ ಎಂದುಕೊಂಡಿದ್ದೆ. ನಾಗರತ್ನಮ್ಮ ಮೊರ ಎಳೆದುಕೊಂಡು, ನೆನೆಸಿದ ಅವರೆಕಾಳು ಹಿಸುಕತೊಡಗಿದರು. ಆಚೆ ಮಹಾದೇವಿ ಮಗ್ಗುಲಾಗಿ ಮಲಗಿ ಆ ಕೈಗಳನ್ನೇ ನೋಡುತ್ತಿದ್ದಳು. ಕಾಫಿ ಕುಡಿದು ಏಳುವಾಗ ತಡೆಯಲಾರದೆ ಕೇಳಿಯೇಬಿಟ್ಟೆ, ಏನೂ ಮಾತಾಡುವುದಿಲ್ಲವೇ ಎಂದು.

ಆಕೆ ದನಿ ತಗ್ಗಿಸಿ ಹೇಳಿದರು: "ಮಾತಾಡಕ್ಕಲ್ಲ ರಂಗಣ್ಣ. ಅವಳು ಕಣ್ಬುಟ್ಟಾಗ ಒಬ್ರು ಎದ್ದಿರ್ಬೇಕು."

ಮಹಾದೇವಿ ಚಿಕಿತ್ಸೆ ಮುಗಿಸಿ ಊರಿಗೆ ಹೋದ ಸುದ್ದಿಯನ್ನು ತಮ್ಮಯ್ಯನವರೇ ಬಂದು ಹೇಳಿದರು. ಆ ಮೂರು ಮನೆಗೆ ನಾನೀಗ ಇನ್ನೊಂದು ದಿಕ್ಕಿನಿಂದ ಎರಡನೇ ಲೈನು ಎಳೆದಿದ್ದೇನೆ, ಒಂದು ಕಡಿದರೆ ಇನ್ನೊಂದು ಇರಲಿ ಎಂದು. ನೆಟ್ ಇಲ್ಲ ಎಂದು ಯಾರೇ ಬಂದರೂ ನಾಳೆ ಎನ್ನುವ ಮೊದಲು ಈಗ ಒಂದು ಮಾತು ಕೇಳುತ್ತೇನೆ: ಇವತ್ತು ರಾತ್ರಿ ಆ ಕಡೆ ಯಾರಾದರೂ ಕಾಯುತ್ತಾರೆಯೇ? ಹೆಚ್ಚಿನವರು ನಕ್ಕು ಇಲ್ಲ ಎನ್ನುತ್ತಾರೆ. ಒಬ್ಬೊಬ್ಬರು ನಗುವುದಿಲ್ಲ. ಆಗ ನಾನು ಮೊಪೆಡ್ಡಿನ ಕೀಲಿ ತೆಗೆದುಕೊಳ್ಳುತ್ತೇನೆ.